ಸೂಜಿ ಕೊಡುವುದು ಸಹಾಯವೋ, ಪ್ರೋತ್ಸಾಹವೋ?

ಮಾದಕ ವ್ಯಸನ ಕುರಿತ ಸಂವಾದ ಪ್ರಸಾರವಾದ ವಾರಗಳಲ್ಲಿ ನಮಗೆ ಬರುವ ವೀಕ್ಷಕರ ಪತ್ರಗಳು ಸಾಮಾನ್ಯವಾಗಿ ಎರಡು ಬಗೆಯವು. "ನಮ್ಮ ಹುಡುಗನನ್ನು ಎಲ್ಲಿಗೆ ಸೇರಿಸಬೇಕು? ದಯವಿಟ್ಟು ವಿಳಾಸ ತಿಳಿಸಿ" ಎಂದು ಕೇಳುವ ತಂದೆತಾಯಿಗಳ ಪತ್ರಗಳು ಒಂದು ಬಗೆ. ಸಿಟ್ಟಿನಿಂದ ಬರೆದವು ಇನ್ನೊಂದು ಬಗೆ. ಈ ಎರಡನೆಯ ಬಗೆಯ ಪತ್ರವೊಂದರಲ್ಲಿ ನಿವೃತ್ತ ಉಪಾಧ್ಯಾಯರೊಬ್ಬರು ಹೀಗೆ ಬರೆದಿದ್ದರು: "ಮಾದಕ ವಸ್ತು ಚುಚ್ಚಿಕೊಳ್ಳುವವರಿಗೆ ಸರ್ಕಾರದ ಹಣದಲ್ಲೇ ಹೊಸ ಸೂಜಿ ಕೊಡುತ್ತಾರಂತೆ. ಕುಡುಕನ ಕೈಗೆ ತೊಳೆದ ಲೋಟ ಕೊಟ್ಟ ಹಾಗಾಯಿತಲ್ಲವೇ ಇದು?"

ಪ್ರಶ್ನೆ ನ್ಯಾಯವಾದದ್ದೇ. ಅರ್ಧ ಗಂಟೆಯ ಮಾತುಕತೆಯಲ್ಲಿ ಅದಕ್ಕೆ ಸಮಾಧಾನಕರ ಉತ್ತರ ಕೊಡಲಾಗಲಿಲ್ಲ. ಸುದ್ದಿ ನಿಜ. ರಾಷ್ಟ್ರೀಯ ಏಡ್ಸ್ ನಿಯಂತ್ರಣ ಸಂಸ್ಥೆಯ (ನ್ಯಾಕೋ) ಯೋಜನೆಯಡಿ ದೇಶದ ಹಲವು ರಾಜ್ಯಗಳಲ್ಲಿ ಇಂಥವರಿಗೆ ಶುದ್ಧ ಸೂಜಿ ಮತ್ತು ಸಿರಿಂಜು ಉಚಿತವಾಗಿ ಸಿಗುತ್ತದೆ. ಬಳಸಿದ ಸೂಜಿಯನ್ನು ಹಿಂದಕ್ಕೆ ಪಡೆಯಲಾಗುತ್ತದೆ. ಇದಕ್ಕೆ ತಜ್ಞರು ಇಟ್ಟಿರುವ ಹೆಸರು 'ಹಾನಿ ತಗ್ಗಿಸುವ ಕ್ರಮ'. ವ್ಯಸನವನ್ನು ಇವತ್ತೇ ಬಿಡಿಸಲಾಗದಿದ್ದರೆ, ಬಿಡುವ ದಿನ ಬರುವವರೆಗೆ ಆ ಮನುಷ್ಯ ಸಾಯದಂತೆ, ಅವನಿಂದ ಬೇರೆಯವರಿಗೆ ಕಾಯಿಲೆ ಹರಡದಂತೆ ನೋಡಿಕೊಳ್ಳುವುದು ಇದರ ತಿರುಳು. ನಮ್ಮ ದೇಶ ಈ ದಾರಿಗೆ ಬಂದದ್ದು ಕರುಣೆಯಿಂದ ಮಾತ್ರವಲ್ಲ, ಕಹಿಯಾದ ಅನುಭವದಿಂದ. ಆ ಅನುಭವ ಆದದ್ದು ಮಣಿಪುರದಲ್ಲಿ.

ಮಣಿಪುರದಲ್ಲಿ ಆದದ್ದೇನು?

ಮಣಿಪುರಕ್ಕೂ ಮ್ಯಾನ್ಮಾರ್‌ಗೂ ಸುಮಾರು 400 ಕಿಲೋಮೀಟರ್ ಉದ್ದದ ಗಡಿಯಿದೆ. ಗಡಿಯ ಮೋರೆ ಪಟ್ಟಣದಿಂದ ರಾಜಧಾನಿ ಇಂಫಾಲಕ್ಕೆ ಬರುವ ಹೆದ್ದಾರಿಯಲ್ಲಿ 1980ರ ದಶಕದಲ್ಲಿ ಹೆರಾಯಿನ್ ಹರಿದು ಬರತೊಡಗಿತು. ಅಲ್ಲಿಯವರು ಅದನ್ನು 'ನಂಬರ್ ನಾಲ್ಕು' ಎಂದು ಕರೆಯುತ್ತಾರೆ. ನೀರಿನಲ್ಲಿ ಕರಗುವ ಈ ಬಿಳಿ ಪುಡಿಯನ್ನು ಹುಡುಗರು ನೇರವಾಗಿ ರಕ್ತನಾಳಕ್ಕೆ ಚುಚ್ಚಿಕೊಳ್ಳುತ್ತಿದ್ದರು.

ಸಮಾಜ ಸುಮ್ಮನೆ ಕುಳಿತಿರಲಿಲ್ಲ. ಪೊಲೀಸರು ಹಿಡಿದರು. ಮನೆಯವರೇ ಮಕ್ಕಳನ್ನು ಜೈಲಿಗೆ ಒಪ್ಪಿಸಿದ್ದುಂಟು. ಪಂಜು ಹಿಡಿದು ರಾತ್ರಿ ಗಸ್ತು ತಿರುಗುವ 'ಮೈರಾ ಪೈಬಿ' ಮಹಿಳೆಯರು ಮದ್ಯ ಮತ್ತು ಮಾದಕ ವಸ್ತುಗಳ ವಿರುದ್ಧ ಬೀದಿಗಿಳಿದರು. ಬಂಡುಕೋರ ಗುಂಪುಗಳು ವ್ಯಸನಿಗಳಿಗೆ ಬಂದೂಕಿನಿಂದ ಶಿಕ್ಷೆ ಕೊಟ್ಟದ್ದೂ ಇದೆ. ಔಷಧಿ ಅಂಗಡಿಯವರು ಹದಿಹರೆಯದವರಿಗೆ ಸಿರಿಂಜು ಮಾರಲು ಹಿಂಜರಿದರು. ಜೇಬಿನಲ್ಲಿ ಸಿರಿಂಜು ಸಿಕ್ಕರೆ ಅದೇ ಸಾಕ್ಷಿಯಾಗುತ್ತಿತ್ತು.

ಇಷ್ಟಾದರೂ ಚುಚ್ಚಿಕೊಳ್ಳುವುದು ನಿಲ್ಲಲಿಲ್ಲ. ನಿಂತದ್ದು ಸ್ವಂತ ಸಿರಿಂಜು ಇಟ್ಟುಕೊಳ್ಳುವ ರೂಢಿ ಮಾತ್ರ. ಎಲ್ಲಾದರೂ ಮರೆಯಲ್ಲಿ ಬಚ್ಚಿಟ್ಟ ಒಂದೇ ಸಿರಿಂಜನ್ನು ಹಲವರು ಸರದಿಯಂತೆ ಬಳಸತೊಡಗಿದರು. ಅದೂ ಸಿಗದಾಗ ಮಸಿ ತುಂಬುವ ಡ್ರಾಪರ್‌ಗೆ ಸೂಜಿ ಸಿಕ್ಕಿಸಿಕೊಂಡರು.

ಪರಿಣಾಮವನ್ನು ರಕ್ತಪರೀಕ್ಷೆಗಳು ತೋರಿಸಿದವು. 1989ರ ಸೆಪ್ಟೆಂಬರ್‌ವರೆಗೆ ಮಣಿಪುರದಲ್ಲಿ ಚುಚ್ಚಿಕೊಳ್ಳುವವರ ರಕ್ತದಲ್ಲಿ ಎಚ್‌ಐವಿ ಕಂಡುಬಂದಿರಲಿಲ್ಲ. ಅಲ್ಲಿಂದ ಕೆಲವೇ ತಿಂಗಳಲ್ಲಿ ಮೊದಲ ಪ್ರಕರಣಗಳು ಗೊತ್ತಾದವು. ಸುಮಾರು ಆರು ತಿಂಗಳೊಳಗೆ ಪರೀಕ್ಷಿಸಿದವರಲ್ಲಿ ಅರ್ಧದಷ್ಟು ಮಂದಿಗೆ ಸೋಂಕು ತಗಲಿತ್ತು. ಕರ್ನಾಟಕದಲ್ಲಿ ಎಚ್‌ಐವಿ ಹರಡಿದ್ದು ಮುಖ್ಯವಾಗಿ ಲೈಂಗಿಕ ಸಂಪರ್ಕದಿಂದ, ವರ್ಷಗಳ ಅವಧಿಯಲ್ಲಿ. ಅಲ್ಲಿ ಸೂಜಿಯ ಮೂಲಕ ಅದು ಹಬ್ಬಿದ ವೇಗ ಕಾಡ್ಗಿಚ್ಚಿನದು.

ಇಂಥದ್ದು ಮಣಿಪುರದಲ್ಲಿ ಮಾತ್ರ ಆಗಲಿಲ್ಲ. ಸ್ಕಾಟ್ಲೆಂಡಿನ ಎಡಿನ್‌ಬರೋ ನಗರದಲ್ಲಿ 1980ರ ದಶಕದ ಆರಂಭದಲ್ಲಿ ಸಿರಿಂಜು ಸಿಗದಂತೆ ಬಿಗಿ ಮಾಡಲಾಗಿತ್ತು. ಅಲ್ಲಿನ ಒಂದು ಬಡಾವಣೆಯ ವೈದ್ಯರು 164 ಹೆರಾಯಿನ್ ವ್ಯಸನಿಗಳ ರಕ್ತ ಪರೀಕ್ಷೆ ಮಾಡಿಸಿ 1986ರಲ್ಲಿ ಪ್ರಕಟಿಸಿದ ವರದಿಯಂತೆ ಶೇಕಡ 51 ಮಂದಿಗೆ ಸೋಂಕಿತ್ತು. ಹತ್ತಿರದ ಗ್ಲಾಸ್ಗೋದಲ್ಲಿಯೂ ವ್ಯಸನಿಗಳು ಬೇಕಾದಷ್ಟಿದ್ದರು. ಆದರೆ ಅಲ್ಲಿ ಸಿರಿಂಜು ಅಷ್ಟು ದುರ್ಲಭವಾಗಿರಲಿಲ್ಲ, ಸೋಂಕೂ ಬಹಳ ಕಡಿಮೆಯಿತ್ತು. ವ್ಯಸನ ಒಂದೇ, ಸೂಜಿಯ ಲಭ್ಯತೆ ಬೇರೆ. ಫಲಿತಾಂಶದಲ್ಲಿ ಅಷ್ಟು ಅಂತರ.

ಸಿರಿಂಜಿನೊಳಗೆ ಉಳಿಯುವ ರಕ್ತ

ಸೂಜಿ ಸರಿಯಾಗಿ ರಕ್ತನಾಳದೊಳಗೆ ಹೋಗಿದೆಯೇ ಎಂದು ತಿಳಿಯಲು ಚುಚ್ಚಿಕೊಳ್ಳುವವನು ಮೊದಲು ಸ್ವಲ್ಪ ರಕ್ತವನ್ನು ಸಿರಿಂಜಿನೊಳಕ್ಕೆ ಎಳೆದುಕೊಳ್ಳುತ್ತಾನೆ. ಔಷಧಿಯನ್ನು ಪೂರ್ತಿ ಒತ್ತಿದ ಮೇಲೂ ಸೂಜಿಯ ಬುಡದ ಸಂದಿನಲ್ಲಿ ಒಂದಿಷ್ಟು ರಕ್ತ ಉಳಿದೇ ಉಳಿಯುತ್ತದೆ. ಮುಂದಿನವನು ಅದೇ ಸಿರಿಂಜಿಗೆ ತನ್ನ ಪಾಲನ್ನು ತುಂಬಿಕೊಂಡಾಗ ಆ ರಕ್ತವೂ ಅವನ ರಕ್ತನಾಳಕ್ಕೆ ಸೇರುತ್ತದೆ.

ಹೊರಗೆ ಬಂದ ಎಚ್‌ಐವಿ ಬೇಗ ಸಾಯುತ್ತದೆಂದು ನಾವು ಓದಿದ್ದೇವೆ. ಸಿರಿಂಜಿನೊಳಗಿನ ರಕ್ತದ ಹನಿಯಲ್ಲಿ ಹಾಗಾಗುವುದಿಲ್ಲ. ಅನುಕೂಲ ಉಷ್ಣತೆಯಲ್ಲಿ ಅದು ವಾರಗಟ್ಟಲೆ ಬದುಕಿರಬಲ್ಲದು. ಯಕೃತ್ತನ್ನು ಹಾಳುಮಾಡುವ ಹೆಪಟೈಟಿಸ್ ಸಿ ವೈರಸ್ ಇನ್ನೂ ಗಟ್ಟಿ. ಪ್ರಯೋಗಾಲಯದಲ್ಲಿ ಅದು ಸಿರಿಂಜಿನೊಳಗೆ 60 ದಿನಗಳ ಬಳಿಕವೂ ಜೀವಂತವಾಗಿದ್ದುದುಂಟು. ಸೂಜಿ ಮಾತ್ರವಲ್ಲ, ಪುಡಿ ಕರಗಿಸುವ ಚಮಚ, ಸೋಸುವ ಹತ್ತಿ, ತೊಳೆಯುವ ನೀರು ಇವುಗಳನ್ನು ಹಂಚಿಕೊಂಡರೂ ಅಪಾಯವಿದೆ.

ಮೇಲೆ ಹೇಳಿದ ಉಪಾಧ್ಯಾಯರಿಗೆ ಇಲ್ಲಿ ಒಂದು ಮಾತನ್ನು ವಿನಯದಿಂದ ಹೇಳಬಹುದು. ತೊಳೆಯದ ಲೋಟದಿಂದ ಕುಡುಕನಿಗೆ, ಅವನ ಹೆಂಡತಿಗೆ, ಹುಟ್ಟಲಿರುವ ಮಗುವಿಗೆ ಪ್ರಾಣಾಂತಿಕ ಕಾಯಿಲೆ ಬರುವುದಾದರೆ, ಲೋಟ ತೊಳೆದುಕೊಡುವುದು ಕುಡಿತಕ್ಕೆ ಕೊಟ್ಟ ಒಪ್ಪಿಗೆಯಲ್ಲ. ಮಣಿಪುರದಲ್ಲಿ ಆದದ್ದೂ ಅದೇ. ಒಂದು ಸಲವೂ ಸೂಜಿ ಮುಟ್ಟದ ಹೆಂಡತಿಯರು ಗಂಡನಿಂದ ಸೋಂಕು ಪಡೆದರು. ಗಂಡ ತೀರಿಕೊಂಡ ಮೇಲೆ ಎಳೆಯ ಮಕ್ಕಳನ್ನು ಕಟ್ಟಿಕೊಂಡು ಕಾಯಿಲೆಯೊಡನೆ ಬದುಕಿದರು.

ಬೀದಿಗೆ ಹೋಗುವ ಸಂಗಾತಿ

ಆಸ್ಪತ್ರೆಯ ಬಾಗಿಲು ತೆರೆದಿಟ್ಟು ಕುಳಿತರೆ ಬೀದಿಯಲ್ಲಿರುವ ವ್ಯಸನಿ ಅಲ್ಲಿಗೆ ಬರುವುದಿಲ್ಲ. ಅವನಿಗೆ ಪೊಲೀಸರ ಭಯ, ಬೈಗುಳದ ಭಯ, ಸರದಿಯಲ್ಲಿ ನಿಂತಿರುವಾಗಲೇ ನಡುಕ ಶುರುವಾಗುವ ಭಯ. ಆದ್ದರಿಂದ ಸೇವೆಯೇ ಅವನಿದ್ದಲ್ಲಿಗೆ ಹೋಗಬೇಕು. ಇದನ್ನು ಚೆನ್ನಾಗಿ ಬಲ್ಲವರು ಆ ದಾರಿಯಲ್ಲಿ ನಡೆದು ಬಂದವರೇ. ಇಂಫಾಲದಲ್ಲಿ 1991ರಲ್ಲಿ ಆರಂಭವಾದ 'ಸಾಸೋ' ಎಂಬ ಸಂಸ್ಥೆಯನ್ನು ಕಟ್ಟಿದವರು ಹಿಂದೆ ವ್ಯಸನಿಗಳಾಗಿದ್ದವರು. ಚುರಚಾಂದ್‌ಪುರದಲ್ಲಿ 'ಶಲೋಮ್' ಎಂಬ ಸಂಸ್ಥೆ 1990ರ ದಶಕದ ಮಧ್ಯಭಾಗದಲ್ಲಿ ಸೂಜಿ ವಿನಿಮಯ ಪ್ರಾರಂಭಿಸಿತು. 1996ರಲ್ಲಿ ಮಣಿಪುರ ಸರ್ಕಾರ ತನ್ನ ಏಡ್ಸ್ ನೀತಿಯಲ್ಲಿಯೇ ಈ ವಿಧಾನವನ್ನು ಒಪ್ಪಿಕೊಂಡಿತು. ಹೊರಗಿನವರ ಒತ್ತಾಯಕ್ಕಿಂತ ಮಿಗಿಲಾಗಿ ಊರಿನ ಸಾವುಗಳೇ ಅದನ್ನು ಒಪ್ಪಿಸಿದವು ಎನ್ನಬೇಕು.

ಕೆಲಸ ನಡೆಯುವ ರೀತಿ ಹೀಗೆ. ಸುಮಾರು 40 ವ್ಯಸನಿಗಳಿಗೆ ಒಬ್ಬ 'ಸಂಗಾತಿ ಶಿಕ್ಷಕ' ಇರುತ್ತಾನೆ. ಸಾಮಾನ್ಯವಾಗಿ ಅವನೂ ಅದೇ ವಲಯದಿಂದ ಬಂದವನು. ಯಾರು ಎಲ್ಲಿ, ಯಾವ ಹೊತ್ತಿನಲ್ಲಿ ಸೇರುತ್ತಾರೆಂಬುದು ಅವನಿಗೆ ಗೊತ್ತು. ಚೀಲದಲ್ಲಿ ಹೊಸ ಸೂಜಿ, ಚರ್ಮ ಒರೆಸುವ ಸ್ಪಿರಿಟ್ ಹತ್ತಿ, ನಿರೋಧ್, ಬಳಸಿದ ಸೂಜಿ ಹಾಕಲು ಚುಚ್ಚಿ ಹೊರಬಾರದಂಥ ಗಟ್ಟಿ ಡಬ್ಬಿ ಇರುತ್ತವೆ. ಹೊಸ ಸೂಜಿ ಕೊಡುವಾಗ ಹಳೆಯದನ್ನು ಕೇಳಿ ಪಡೆಯುತ್ತಾನೆ. ಹಾಗೆ ಮರಳಿದ ಪ್ರತಿಯೊಂದು ಸೂಜಿಯೂ ಆಟದ ಮೈದಾನದಲ್ಲಿ ಮಗುವಿನ ಕಾಲಿಗೆ, ಕಸದ ರಾಶಿಯಲ್ಲಿ ಪೌರಕಾರ್ಮಿಕರ ಕೈಗೆ ಚುಚ್ಚದೆ ಉಳಿದ ಸೂಜಿ.

ಹತ್ತಿರದಲ್ಲೇ ಒಂದು ತಂಗುದಾಣ ಇರುತ್ತದೆ. ಸ್ನಾನಕ್ಕೆ ನೀರು, ಸ್ವಲ್ಪ ಹೊತ್ತು ಬೈಗುಳವಿಲ್ಲದೆ ಕೂರುವ ಜಾಗ, ಜೊತೆಗೆ ಹುಣ್ಣಿಗೆ ಪಟ್ಟಿ ಕಟ್ಟುವ ದಾದಿ. ಹುಣ್ಣಿನ ವಿಚಾರ ಸಣ್ಣದಲ್ಲ. ಹೆರಾಯಿನ್ ಸಿಗದಾಗ ಈಶಾನ್ಯ ರಾಜ್ಯಗಳ ಹುಡುಗರು ನೋವಿನ ಕ್ಯಾಪ್ಸೂಲುಗಳನ್ನು ಒಡೆದು, ಕಲಸಿ ಚುಚ್ಚಿಕೊಳ್ಳುತ್ತಿದ್ದರು. ಅದರಲ್ಲಿದ್ದ ಡೆಕ್ಸ್‌ಟ್ರೋಪ್ರೊಪಾಕ್ಸಿಫೀನ್ ಎಂಬ ಔಷಧಿಯನ್ನು ಭಾರತ 2013ರಲ್ಲಿ ನಿಷೇಧಿಸಿತು. ನುಂಗಲು ಮಾಡಿದ ಆ ಪುಡಿ ರಕ್ತನಾಳವನ್ನು ಮುಚ್ಚಿ, ಮಾಂಸ ಕೊಳೆಸಿ, ಕೆಲವರ ಕೈಕಾಲುಗಳನ್ನೇ ಕತ್ತರಿಸಬೇಕಾಗುತ್ತಿತ್ತು. ಹುಣ್ಣು ತೋರಿಸಲು ಬಂದವನೊಡನೆ ಮಾತು ಬೆಳೆಯುತ್ತದೆ. ಮಾತು ಬೆಳೆದರೆ ರಕ್ತಪರೀಕ್ಷೆ, ಕ್ಷಯದ ತಪಾಸಣೆ, ಚಿಕಿತ್ಸೆ ಒಂದೊಂದಾಗಿ ಸಾಧ್ಯವಾಗುತ್ತವೆ. ಸೂಜಿ ಇಲ್ಲಿ ಪರಿಚಯಕ್ಕೆ ಒಂದು ನೆಪ.

ಸೂಜಿ ಕೊಟ್ಟರೆ ವ್ಯಸನ ಹೆಚ್ಚುವುದಿಲ್ಲವೇ? ವಿಶ್ವ ಆರೋಗ್ಯ ಸಂಸ್ಥೆ 2004ರಲ್ಲಿ ಪ್ರಕಟಿಸಿದ ಪರಾಮರ್ಶೆಯಲ್ಲಿ, ಇಂಥ ಯೋಜನೆಗಳಿಂದ ಹೊಸಬರು ಚುಚ್ಚಿಕೊಳ್ಳಲು ಆರಂಭಿಸಿದರು ಅಥವಾ ಹಳಬರು ಹೆಚ್ಚು ಚುಚ್ಚಿಕೊಂಡರು ಎಂಬುದಕ್ಕೆ ನಂಬಲರ್ಹ ಆಧಾರ ಸಿಗಲಿಲ್ಲ. ಬದಲಿಗೆ ಅಮೆರಿಕದ ಸಿಯಾಟಲ್ ನಗರದಲ್ಲಿ ನಡೆದು 2000ದಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಸೂಜಿ ವಿನಿಮಯಕ್ಕೆ ಹೊಸದಾಗಿ ಬರತೊಡಗಿದವರು, ಎಂದೂ ಬಾರದವರಿಗಿಂತ ಐದು ಪಟ್ಟು ಹೆಚ್ಚಾಗಿ ವ್ಯಸನಮುಕ್ತಿ ಚಿಕಿತ್ಸೆಗೆ ಸೇರಿದ್ದರು.

ನಾಲಗೆಯಡಿಯ ಮಾತ್ರೆ

ಹೆರಾಯಿನ್ ವ್ಯಸನಿ ಕೆಲವು ತಿಂಗಳ ಬಳಿಕ ಸುಖಕ್ಕಾಗಿ ಚುಚ್ಚಿಕೊಳ್ಳುವುದಿಲ್ಲ. ಸಂಕಟ ತಪ್ಪಿಸಿಕೊಳ್ಳಲು ಚುಚ್ಚಿಕೊಳ್ಳುತ್ತಾನೆ. ನಮ್ಮ ಮೆದುಳಿನಲ್ಲಿ ಅಫೀಮಿನ ಜಾತಿಯ ವಸ್ತುಗಳು ಬಂದು ಕೂರುವ ಗ್ರಾಹಕಗಳಿವೆ. ದಿನವೂ ಹೊರಗಿನಿಂದ ಹೆರಾಯಿನ್ ಬರುತ್ತಿದ್ದರೆ ಮೆದುಳು ಅದಕ್ಕೆ ಹೊಂದಿಕೊಂಡುಬಿಡುತ್ತದೆ. ಕೊನೆಯ ಸಲ ತೆಗೆದುಕೊಂಡ 6ರಿಂದ 12 ಗಂಟೆಗಳಲ್ಲಿ ಮೂಗು ಸೋರುವುದು, ಮೈ ಜುಮ್ಮೆನ್ನುವುದು, ಹೊಟ್ಟೆ ನುಲಿಯುವುದು, ಭೇದಿ, ನಿದ್ದೆಯಿಲ್ಲದ ಚಡಪಡಿಕೆ ಶುರುವಾಗುತ್ತವೆ. ಎರಡು ಮೂರನೆಯ ದಿನ ಇದು ತುದಿ ಮುಟ್ಟುತ್ತದೆ. ಈ ಸ್ಥಿತಿಯಲ್ಲಿರುವವನಿಗೆ "ಮನಸ್ಸು ಗಟ್ಟಿ ಮಾಡಿಕೊ" ಎನ್ನುವುದು ಜ್ವರದಲ್ಲಿರುವವನಿಗೆ ಮೈ ತಣ್ಣಗೆ ಮಾಡಿಕೊ ಎಂದಷ್ಟೇ ಉಪಯುಕ್ತ.

ಇಲ್ಲಿಗೆ ಬರುವುದು ಬ್ಯುಪ್ರಿನಾರ್ಫಿನ್. ಇದು ಅದೇ ಗ್ರಾಹಕಗಳಲ್ಲಿ ಭದ್ರವಾಗಿ ಕೂತು ಸಂಕಟವನ್ನು ತಡೆಯುತ್ತದೆ. ಆದರೆ ಹೆರಾಯಿನ್ನಿನ ಮತ್ತನ್ನು ಕೊಡುವುದಿಲ್ಲ. ಒಂದು ಮಿತಿಯ ನಂತರ ಪ್ರಮಾಣ ಹೆಚ್ಚಿಸಿದರೂ ಪರಿಣಾಮ ಹೆಚ್ಚುವುದಿಲ್ಲವಾದ್ದರಿಂದ ಉಸಿರು ಕಟ್ಟುವ ಭಯ ಕಡಿಮೆ. ಪರಿಣಾಮ ಒಂದು ದಿನ, ಕೆಲವೊಮ್ಮೆ ಅದಕ್ಕೂ ಹೆಚ್ಚು ಇರುತ್ತದೆ. ಕೇಂದ್ರಕ್ಕೆ ಬಂದವನ ನಾಲಗೆಯಡಿ ದಾದಿಯ ಎದುರಿನಲ್ಲೇ ಮಾತ್ರೆ ಇಟ್ಟು, ಅದು ಕರಗುವವರೆಗೆ ಕೂರಿಸಿ ಕಳುಹಿಸುತ್ತಾರೆ. ದೆಹಲಿಯಲ್ಲಿ 'ಶರಣ್' ಎಂಬ ಸಂಸ್ಥೆ 1993ರಲ್ಲಿ ಬೀದಿಯ ವ್ಯಸನಿಗಳಿಗೆ ಈ ಚಿಕಿತ್ಸೆ ಕೊಡತೊಡಗಿತು. 2005ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಬ್ಯುಪ್ರಿನಾರ್ಫಿನ್ ಮತ್ತು ಮೆಥಡೋನ್ ಎರಡನ್ನೂ ಅಗತ್ಯ ಔಷಧಿಗಳ ಪಟ್ಟಿಗೆ ಸೇರಿಸಿತು. 2007ರ ನಂತರ ಇದು ನ್ಯಾಕೋದ ರಾಷ್ಟ್ರೀಯ ಕಾರ್ಯಕ್ರಮದ ಭಾಗವಾಯಿತು. ಹಲವು ದೇಶಗಳ ಅಧ್ಯಯನಗಳನ್ನು ಕೂಡಿಸಿ ನೋಡಿದ 2012ರ ಒಂದು ವಿಶ್ಲೇಷಣೆಯಂತೆ, ಇಂಥ ಬದಲಿ ಚಿಕಿತ್ಸೆಯಲ್ಲಿರುವವರಿಗೆ ಎಚ್‌ಐವಿ ತಗಲುವ ಸಾಧ್ಯತೆ ಅರ್ಧಕ್ಕಿಂತ ಕಡಿಮೆಯಾಗುತ್ತದೆ.

"ಒಂದು ಚಟ ಬಿಡಿಸಿ ಇನ್ನೊಂದು ಕೊಟ್ಟಂತಲ್ಲವೇ?" ಎಂದು ಕೇಳುವವರಿದ್ದಾರೆ. ಆಕ್ಷೇಪಣೆಯಲ್ಲಿ ಸ್ವಲ್ಪ ಹುರುಳಿದೆ. ಬ್ಯುಪ್ರಿನಾರ್ಫಿನ್ ಚುಚ್ಚುಮದ್ದನ್ನು ಕೆಲವು ನಗರಗಳಲ್ಲಿ ವ್ಯಸನಿಗಳೇ ಬೇರೆ ಔಷಧಿಗಳೊಡನೆ ಬೆರೆಸಿ ಚುಚ್ಚಿಕೊಂಡದ್ದುಂಟು. ಅದಕ್ಕಾಗಿಯೇ ಎದುರಿನಲ್ಲೇ ನಾಲಗೆಯಡಿ ಕರಗಿಸುವ ಕಟ್ಟುನಿಟ್ಟು. ಆದರೆ ಬೆಳಿಗ್ಗೆ ಮಾತ್ರೆ ಪಡೆದವನು ಆ ದಿನ ಕಳ್ಳತನಕ್ಕೆ, ಸಾಲಕ್ಕೆ, ಪುಡಿಯ ಹುಡುಕಾಟಕ್ಕೆ ಓಡುವುದಿಲ್ಲ. ಕೂಲಿಗೆ ಹೋಗಬಹುದು, ಮನೆಯಲ್ಲಿ ಊಟ ಮಾಡಬಹುದು. ಸಕ್ಕರೆ ಕಾಯಿಲೆಯವರು ವರ್ಷಗಟ್ಟಲೆ ಇನ್ಸುಲಿನ್ ತೆಗೆದುಕೊಂಡರೆ ಅದನ್ನು ಯಾರೂ ಚಟ ಎನ್ನುವುದಿಲ್ಲ.

ಉಸಿರು ನಿಲ್ಲುವ ಗಳಿಗೆ

ಮನೆಯವರು ಅವಶ್ಯ ತಿಳಿದಿರಬೇಕಾದ ಸಂಗತಿ ಒಂದಿದೆ. ವ್ಯಸನಿಗೆ ಅತ್ಯಂತ ಅಪಾಯದ ದಿನಗಳು ಅವನು ಬಿಟ್ಟು ಬಂದ ಮೊದಲ ವಾರಗಳು. ಶಿಬಿರದಲ್ಲಿ ಅಥವಾ ಜೈಲಿನಲ್ಲಿ ಒಂದು ತಿಂಗಳು ಕಳೆದವನ ದೇಹ ತನ್ನ ಸಹಿಷ್ಣುತೆಯನ್ನು ಕಳೆದುಕೊಂಡಿರುತ್ತದೆ. ಹೊರಬಂದು ಒಮ್ಮೆ ಜಾರಿ, ಹಳೆಯ ಪ್ರಮಾಣವನ್ನೇ ಚುಚ್ಚಿಕೊಂಡರೆ ಮೆದುಳಿನ ಉಸಿರಾಟದ ಕೇಂದ್ರ ಮಂಕಾಗಿ ಉಸಿರು ನಿಲ್ಲುತ್ತದೆ. ತುಟಿ ಮತ್ತು ಉಗುರು ನೀಲಿಗಟ್ಟುವುದು, ಕಣ್ಣಿನ ಪಾಪೆ ಸೂಜಿಮೊನೆಯಷ್ಟಾಗುವುದು, ಗೊರಕೆಯಂಥ ಶಬ್ದ, ಅಲುಗಿಸಿದರೂ ಎಚ್ಚರವಾಗದಿರುವುದು ಇದರ ಲಕ್ಷಣಗಳು.

ಇದಕ್ಕೆ ನಲಾಕ್ಸೋನ್ ಎಂಬ ಪ್ರತ್ಯೌಷಧಿ ಇದೆ. ಗ್ರಾಹಕಗಳಿಂದ ಹೆರಾಯಿನ್ನನ್ನು ತಳ್ಳಿ ತಾನು ಕೂತು ಕೆಲವೇ ನಿಮಿಷಗಳಲ್ಲಿ ಉಸಿರನ್ನು ಮರಳಿಸುತ್ತದೆ. ಅದರ ಪರಿಣಾಮ ಹೆರಾಯಿನ್ನಿನದಕ್ಕಿಂತ ಬೇಗ ಇಳಿಯುವುದರಿಂದ ರೋಗಿಯನ್ನು ಆಸ್ಪತ್ರೆಗೆ ಒಯ್ಯಲೇಬೇಕು. ಮಣಿಪುರದಲ್ಲಿ ಸ್ವಯಂಸೇವಾ ಸಂಸ್ಥೆಗಳು ಇದನ್ನು ಬಳಸುತ್ತ ಬಂದಿವೆ. ಅಮೆರಿಕದಲ್ಲಿ 2023ರಿಂದ ಇದರ ಮೂಗಿನ ಸ್ಪ್ರೇ ವೈದ್ಯರ ಚೀಟಿಯಿಲ್ಲದೆ ಸಿಗುತ್ತದೆ. ಔಷಧಿ ಕೈಯಲ್ಲಿಲ್ಲದವರು ರೋಗಿಯನ್ನು ಒಂದು ಮಗ್ಗುಲಿಗೆ ಹೊರಳಿಸಿ, ಉಸಿರು ನಿಂತಿದ್ದರೆ ಬಾಯಿಂದ ಬಾಯಿಗೆ ಉಸಿರು ಕೊಡುತ್ತ 108ಕ್ಕೆ ಕರೆ ಮಾಡಬೇಕು. ಮುಖಕ್ಕೆ ನೀರು ಎರಚುವುದು, ಹಾಲು ಕುಡಿಸುವುದು, "ಮಲಗಿ ಎದ್ದರೆ ಸರಿಹೋಗುತ್ತದೆ" ಎಂದು ಬಾಗಿಲು ಹಾಕಿಕೊಳ್ಳುವುದು ಪ್ರಾಣಕ್ಕೆ ಎರವಾಗುತ್ತವೆ.

ಕಾನೂನು ಏನು ಹೇಳುತ್ತದೆ?

1985ರ ಮಾದಕ ವಸ್ತುಗಳ ಕಾಯಿದೆಯಂತೆ ಸೇವನೆಯೂ ಅಪರಾಧವೇ. ಆದರೆ ಅದೇ ಕಾಯಿದೆಯ 64ಎ ಕಲಮಿನ ಪ್ರಕಾರ, ಸೇವನೆಯ ಅಥವಾ ಅಲ್ಪ ಪ್ರಮಾಣದ ಆರೋಪ ಹೊತ್ತ ವ್ಯಸನಿ ತಾನಾಗಿ ಚಿಕಿತ್ಸೆಗೆ ಮುಂದೆ ಬಂದರೆ ಮೊಕದ್ದಮೆಯಿಂದ ರಕ್ಷಣೆ ಪಡೆಯಬಹುದು. ಚಿಕಿತ್ಸೆಯನ್ನು ಪೂರ್ತಿ ಮಾಡಬೇಕೆಂಬುದು ಷರತ್ತು. ಸೂಜಿ ಹಂಚುವ ಕಾರ್ಯಕರ್ತರ ಬಗ್ಗೆ ಇದ್ದ ಗೊಂದಲವನ್ನು 2017ರ ಎಚ್‌ಐವಿ ಮತ್ತು ಏಡ್ಸ್ ಕಾಯಿದೆ ನಿವಾರಿಸಿತು. 2018ರ ಸೆಪ್ಟೆಂಬರ್‌ನಲ್ಲಿ ಜಾರಿಗೆ ಬಂದ ಈ ಕಾಯಿದೆಯ 22ನೆಯ ಕಲಮು, ಎಚ್‌ಐವಿ ಹರಡದಂತೆ ಮಾಡುವ ಇಂಥ ಸೇವೆಗಳು ಅಪರಾಧವಲ್ಲ ಎಂದು ಸ್ಪಷ್ಟಪಡಿಸಿದೆ. ಆದರೂ ಠಾಣೆಯ ಮಟ್ಟದಲ್ಲಿ ಈ ತಿಳಿವಳಿಕೆ ಬರದಿದ್ದರೆ ಕಾಗದದ ರಕ್ಷಣೆ ಕಾಗದದಲ್ಲೇ ಉಳಿಯುತ್ತದೆ.

ಫಲವೇನು, ಮಿತಿಯೇನು?

1997ರ ಸುಮಾರಿಗೆ ಮಣಿಪುರದಲ್ಲಿ ಚುಚ್ಚಿಕೊಳ್ಳುವವರ ಪೈಕಿ ಸರ್ಕಾರಿ ಸಮೀಕ್ಷೆಯಲ್ಲಿ ಪರೀಕ್ಷಿಸಿದವರಲ್ಲಿ ಮುಕ್ಕಾಲು ಪಾಲಿನಷ್ಟು ಮಂದಿಗೆ ಸೋಂಕಿತ್ತು. 2006ರ ಹೊತ್ತಿಗೆ ಅದು ಐವರಲ್ಲಿ ಒಬ್ಬರಿಗೆ ಇಳಿಯಿತು. ಈ ಇಳಿಕೆಯನ್ನೆಲ್ಲ ಸೂಜಿ ವಿನಿಮಯದ ಲೆಕ್ಕಕ್ಕೆ ಬರೆಯುವುದು ಪ್ರಾಮಾಣಿಕವಲ್ಲ. ಆ ನಡುವೆ ಸೋಂಕಿತರಲ್ಲಿ ಅನೇಕರು ತೀರಿಕೊಂಡಿದ್ದರು. ಆದರೆ ಹೊಸ ತಲೆಮಾರಿನ ವ್ಯಸನಿಗಳಲ್ಲಿ ಹಿಂದಿನ ವೇಗದಲ್ಲಿ ಸೋಂಕು ಹರಡಲಿಲ್ಲ ಎಂಬುದು ಮುಖ್ಯ.

ಮಿತಿಗಳೂ ಇವೆ. 2019ರಲ್ಲಿ ಪ್ರಕಟವಾದ ರಾಷ್ಟ್ರೀಯ ಸಮೀಕ್ಷೆಯ ಅಂದಾಜಿನಂತೆ ದೇಶದಲ್ಲಿ ಚುಚ್ಚಿಕೊಳ್ಳುವವರು ಸುಮಾರು 8.5 ಲಕ್ಷ. 2021ರ ಕಣ್ಗಾವಲಿನಲ್ಲಿ ಇವರಲ್ಲಿ ಶೇಕಡ 9ರಷ್ಟು ಮಂದಿಗೆ ಎಚ್‌ಐವಿ ಕಂಡುಬಂತು. ಸಾಮಾನ್ಯ ವಯಸ್ಕರಲ್ಲಿ ಅದು ಶೇಕಡ 0.21 ಮಾತ್ರ. ಮಹಿಳೆಯರಿಗೆ ತಕ್ಕ ಕೇಂದ್ರಗಳು ಅಪರೂಪ; ಗಂಡಸರು ತುಂಬಿದ ಕೋಣೆಗೆ ಕಾಲಿಡಲು ಅವರು ಅಂಜುತ್ತಾರೆ. 2023ರ ಮೇ ತಿಂಗಳಿಂದ ಮಣಿಪುರವನ್ನು ಸೀಳಿದ ಜನಾಂಗೀಯ ಹಿಂಸೆ, ದಿನದಿನವೂ ಮಾತ್ರೆ ಪಡೆಯಬೇಕಾದ ಈ ಚಿಕಿತ್ಸೆಗೆ ರಸ್ತೆ ಮತ್ತು ಶಾಂತಿ ಎಷ್ಟು ಅಗತ್ಯವೆಂಬುದನ್ನು ನೆನಪಿಸಿತು.

ಇನ್ನು ಮಕ್ಕಳು. ಅದೇ ಸಮೀಕ್ಷೆಯಂತೆ 10ರಿಂದ 17 ವಯಸ್ಸಿನವರಲ್ಲಿ ಶೇಕಡ 1.17ರಷ್ಟು ಮಂದಿ ಅಂಟು, ಥಿನ್ನರ್ ಮುಂತಾದವುಗಳ ಆವಿ ಎಳೆಯುತ್ತಾರೆ. ದೊಡ್ಡವರಿಗಿಂತ ಮಕ್ಕಳಲ್ಲಿ ಹೆಚ್ಚಾಗಿರುವ ಅಮಲು ಇದೊಂದೇ. ಬೆಂಗಳೂರಿನ ಬೀದಿಗಳಲ್ಲಿಯೂ ಬಟ್ಟೆ ತುಂಡನ್ನು ಮೂಗಿಗೆ ಹಿಡಿದು ಕೂತ ಹುಡುಗರನ್ನು ನಾವು ಕಂಡಿದ್ದೇವೆ, ದಾಟಿ ಹೋಗಿದ್ದೇವೆ. ಅವರಿಗೆ ಕೊಡಲು ಸೂಜಿಯೂ ಇಲ್ಲ, ಬದಲಿ ಮಾತ್ರೆಯೂ ಇಲ್ಲ. ಇರುವುದು ಊಟ, ಮಲಗಲು ಜಾಗ, ದಿನವೂ ಬಂದು ಹೆಸರು ಹಿಡಿದು ಕರೆಯುವ ಒಬ್ಬ ಕಾರ್ಯಕರ್ತ.

ನಮ್ಮ ತಪ್ಪನ್ನೂ ಇಲ್ಲಿ ಹೇಳಬೇಕು. ಹಿಂದೆ ಈ ವಿಷಯದ ಕಾರ್ಯಕ್ರಮ ಮಾಡುವಾಗ ತಲೆಬುರುಡೆ, ಕತ್ತಲೆ ಕೋಣೆ, ಭಯ ಹುಟ್ಟಿಸುವ ಹಿನ್ನೆಲೆ ಸಂಗೀತ ಬಳಸಿದವರಲ್ಲಿ ನಾನೂ ಒಬ್ಬ. ನೋಡಿದ ಮಕ್ಕಳು ಹೆದರಿ ದೂರವಿರಲಿ ಎಂಬುದು ನಮ್ಮ ಉದ್ದೇಶ. ಆದರೆ ಆಗಲೇ ವ್ಯಸನಕ್ಕೆ ಬಿದ್ದಿದ್ದವನು ಅದನ್ನು ನೋಡಿ ಇನ್ನಷ್ಟು ಬಚ್ಚಿಟ್ಟುಕೊಂಡಿರಬೇಕು. ಅವನ ತಾಯಿ ಇನ್ನಷ್ಟು ನಾಚಿಕೊಂಡಿರಬೇಕು. ಬಚ್ಚಿಟ್ಟ ಸೂಜಿಯೇ ಹಂಚಿಕೊಳ್ಳುವ ಸೂಜಿ ಎಂಬುದನ್ನು ಮಣಿಪುರದಿಂದ ಕಲಿಯಬೇಕಾಯಿತು.

ವಿಳಾಸ ಕೇಳಿದ ತಂದೆತಾಯಿಗಳಿಗೆ ಉತ್ತರ ಹೀಗಿದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸಾ ವಿಭಾಗವಿದೆ. ವ್ಯಸನಮುಕ್ತಿಯ ರಾಷ್ಟ್ರೀಯ ಸಹಾಯವಾಣಿ 14446, ಮಾನಸಿಕ ಆರೋಗ್ಯಕ್ಕೆ ಟೆಲಿ ಮಾನಸ್ 14416, ಎಚ್‌ಐವಿ ಕುರಿತ ಮಾಹಿತಿಗೆ 1097, ಬೀದಿಯ ಮಗುವಿಗಾಗಿ 1098. ಹುಡುಗನನ್ನು ಮನೆಯಿಂದ ಹೊರಗೆ ಹಾಕಬೇಡಿ. ಕಟ್ಟಿ ಹಾಕಿಸಿ, ಹೊಡೆಸಿ ಬಿಡಿಸುತ್ತೇವೆನ್ನುವ ಕಡೆಗೂ ಕಳುಹಿಸಬೇಡಿ. ಒಮ್ಮೆ ಬಿಟ್ಟವನು ಮತ್ತೆ ಜಾರಿದರೆ ಅದನ್ನು ಮೋಸ ಎಂದು ತಿಳಿಯಬೇಡಿ. ಈ ಕಾಯಿಲೆಯ ಸ್ವಭಾವವೇ ಹಾಗೆ.

ಉಪಾಧ್ಯಾಯರ ಪತ್ರಕ್ಕೆ ನನ್ನ ಉತ್ತರವೂ ಇದರಲ್ಲೇ ಇದೆ. ಸತ್ತವನಿಗೆ ವ್ಯಸನ ಬಿಡಿಸಲು ಯಾವ ಆಸ್ಪತ್ರೆಗೂ ಸಾಧ್ಯವಿಲ್ಲ. ಅವನು ಬದುಕಿದ್ದರೆ ಇವತ್ತಲ್ಲದಿದ್ದರೆ ನಾಳೆ, ನಾಳೆಯಲ್ಲದಿದ್ದರೆ ಮುಂದಿನ ವರ್ಷ ಬಿಡಬಹುದು. ಆ ಮುಂದಿನ ವರ್ಷದವರೆಗೆ ಅವನನ್ನು ಉಳಿಸಿಕೊಳ್ಳುವ ಕೆಲಸಕ್ಕೆ ಒಂದು ಶುದ್ಧ ಸೂಜಿಯ ಬೆಲೆ ಹೆಚ್ಚಾಯಿತೆಂದು ತಾವೂ ಹೇಳಲಾರಿರಿ ಎಂಬ ನಂಬಿಕೆ ನನಗಿದೆ.